ಬರ ಹಾಕಿಸಿದ ಹಳಿ, ಲೆಕ್ಕಕ್ಕೆ ಸಿಗದ ಜನ

ಬೆಂಗಳೂರಿಂದ ಹಿಂದೂಪುರದ ಕಡೆ ರೈಲಲ್ಲಿ ಹೋದವರು ತೊಂಡೇಬಾವಿ ಅನ್ನೋ ಬೋರ್ಡನ್ನ ನೋಡಿಯೇ ಇರ್ತೀರಿ. ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟದ ಸಂದಿಯಲ್ಲಿ ಸುತ್ತಿ ಬಳಸಿ ಬಂದ ಗಾಡಿ ಗೌರಿಬಿದನೂರಿಗೆ ಮುಂಚೆ ಇಲ್ಲಿ ಒಂದು ಗಳಿಗೆ ನಿಲ್ಲುತ್ತೆ. ಎಕ್ಸ್‌ಪ್ರೆಸ್‌ಗಳು ಬಹುಪಾಲು ಅದೂ ನಿಲ್ಲಲ್ಲ. ಈ ಹಳ್ಳಿಗೆ ರೈಲು ಯಾಕೆ ಬಂತು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?

ಉತ್ತರ ಜನಗಣತಿಯಲ್ಲಿದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಆದಮೇಲೆ, 1881ರಲ್ಲಿ, 41,86,188. ಹೆಚ್ಚೋದಿರಲಿ, ಎಂಟೂವರೆ ಲಕ್ಷಕ್ಕೂ ಮೀರಿ ಜನ ಕಡಿಮೆ! ನಡುವೆ ಬಂದಿದ್ದು 1876-78ರ ಮಹಾ ಬರ. ಅದರ ಹೊಡೆತ ಜೋರಾಗಿ ಬಿದ್ದಿದ್ದು ನಮ್ಮ ಈ ಪೂರ್ವದ ಬಯಲುಸೀಮೆಗೆ.

ಆಗ ಧಾನ್ಯವೇ ಇರಲಿಲ್ಲವಾ? ಇತ್ತು ಸ್ವಾಮಿ. 1864ರಿಂದಲೇ ಬೆಂಗಳೂರಿಗೆ ಜೋಲಾರ್‌ಪೇಟೆ ಕಡೆಯಿಂದ ರೈಲಿತ್ತು. ಮದ್ರಾಸಿಂದ ಮೂಟೆಗಳು ಬಂದು ಬೀಳ್ತಿದ್ದವು. ಅಲ್ಲಿಂದ ಮುಂದೆ ಹಳ್ಳಿಗೆ ಸಾಗಿಸಬೇಕಾಗಿದ್ದು ಎತ್ತಿನ ಗಾಡಿ. ಮೇವಿಲ್ಲ, ನೀರಿಲ್ಲ, ಎತ್ತುಗಳೇ ಸತ್ತು ಬಿದ್ದಿದ್ದವು. ಅಕ್ಕಿ ನಿಲ್ದಾಣದಲ್ಲಿ, ಹಸಿವು ಹಳ್ಳಿಯಲ್ಲಿ.

1880ರ ಕ್ಷಾಮ ಆಯೋಗ ಹೇಳಿದ್ದು ಇದನ್ನೇ: ಬರಪೀಡಿತ ಪ್ರದೇಶಗಳಿಗೆ ರೈಲು ಹಾಕಿ ಅಂತ. ಅದಾಗಿ ಹನ್ನೆರಡು-ಹದಿಮೂರು ವರ್ಷಕ್ಕೆ, 1892-93ರ ಹೊತ್ತಿಗೆ, ಬೆಂಗಳೂರು-ಹಿಂದೂಪುರ ಮೀಟರ್‌ಗೇಜ್ ಮಾರ್ಗ ತೆರೀತು. ಸದರ್ನ್ ಮರಾಠಾ ಕಂಪನಿಯ ಗಾಡಿಗಳು ಓಡಿದವು. ಇದನ್ನ ಬರೀ ಬ್ರಿಟಿಷರ ಕರುಣೆ ಅಂತ ಓದಬೇಡಿ. ಆ ಬರದ ವರ್ಷಗಳಲ್ಲೂ ಈ ದೇಶದಿಂದ ಧಾನ್ಯ ಹಡಗೇರಿ ಹೊರಗೆ ಹೋಗಿತ್ತು. ಧಾನ್ಯ ತರೋ ಹಳಿ ಧಾನ್ಯ ಒಯ್ಯೋಕೂ ಆಗುತ್ತೆ.

ಈಗ ಒಂದು ವಿಚಿತ್ರ ನೋಡಿ. ಇವತ್ತಿನ ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರಕ್ಕೆ ರೈಲು ಬರೋಕೆ 1910ರ ದಶಕದವರೆಗೆ ಕಾಯಬೇಕಾಯ್ತು, ಅದೂ ಪುಟ್ಟ ನ್ಯಾರೋಗೇಜ್. ಅಷ್ಟೊತ್ತಿಗೆ ತೊಂಡೇಬಾವಿ ಹಾದಿಯಲ್ಲಿ ರೈಲು ಓಡೋಕೆ ಶುರುವಾಗಿ ಇಪ್ಪತ್ತು ವರ್ಷ ದಾಟಿತ್ತು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯ್ತು. ಆದ್ರೆ ತೊಂಡೇಬಾವಿಯವರು ರೈಲಲ್ಲೇ ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಂದ್ರೆ ಯಲಹಂಕಕ್ಕೆ ಬಂದು, ಗಾಡಿ ಬದಲಿಸಿ, ಮತ್ತೆ ಉತ್ತರಕ್ಕೆ ಹೋಗಬೇಕು! ಕಚೇರಿ ಕೆಲಸ ಇದ್ರೆ ರಸ್ತೆಯೇ ಗತಿ. ಜಿಲ್ಲೆಯ ಗೆರೆ ಎಳೆದವರು ಹಳಿ ಎತ್ತ ಹೋಗುತ್ತೆ ಅಂತ ನೋಡಲಿಲ್ಲ. ಊರಿನ ಸಂತೆ, ಸಂಬಳ, ಸಂಬಂಧ ಎಲ್ಲಾ ಬೆಂಗಳೂರು-ಹಿಂದೂಪುರದ ಗೆರೆಯಲ್ಲೇ.

ಈಗ ಬ್ರಾಡ್‌ಗೇಜ್, ಜೋಡಿ ಹಳಿ, ವಿದ್ಯುತ್ ಎಲ್ಲಾ ಬಂದಿದೆ. ಪಕ್ಕದಲ್ಲಿ ಎಸಿಸಿ ಸಿಮೆಂಟ್ ಘಟಕ ಇದೆ. ಆದ್ರೂ ದಿನಗೂಲಿಯವನಿಗೆ ಬೇಕಾಗಿರೋದು ಬೆಳಗಿನ ಒಂದು ಪ್ಯಾಸೆಂಜರ್ ಗಾಡಿ. 2020ರ ಮಾರ್ಚ್‌ನಲ್ಲಿ ದೇಶದಾದ್ಯಂತ ಅವು ನಿಂತವು. ಮತ್ತೆ ಶುರುವಾದಾಗ 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಗಿತ್ತು. ಅದು ಮತ್ತೆ 10ಕ್ಕೆ ಇಳಿದಿದ್ದು 2024ರಲ್ಲಿ. ದಿನಕ್ಕೆ ನಲವತ್ತು ರೂಪಾಯಿ ಹೆಚ್ಚು ಅಂದ್ರೆ ಸ್ಟುಡಿಯೋದಲ್ಲಿ ಕೂತವರಿಗೆ ಒಂದು ಕಾಫಿ. ಕೂಲಿಯವನಿಗೆ ಮನೆಯ ತರಕಾರಿ.

ಈ ಜನ ಎಷ್ಟಿದ್ದಾರೆ? 2011ರ ಗಣತಿ ಪ್ರಕಾರ ಜಿಲ್ಲೆಯಲ್ಲಿ 12,55,104 ಮಂದಿ. 2021ರ ಗಣತಿ ನಡೆಯಲೇ ಇಲ್ಲ. ಪಡಿತರದ ಪಾಲು ಇವತ್ತಿಗೂ 2011ರ ಲೆಕ್ಕದ ಮೇಲೆ. ಗ್ರಾಮ ಸಡಕ್ ಯೋಜನೆ ಬಯಲುಸೀಮೆಯ ಹಳ್ಳಿಗೆ ರಸ್ತೆ ಕೊಡೋಕೆ ಇಟ್ಟ ಗೆರೆ 500 ಜನ, ಅದೂ 2024ರವರೆಗೆ 2001ರ ಗಣತಿಯದ್ದು. ರಾತ್ರಿ ಊರಲ್ಲಿ ಮಲಗಿ ಹಗಲು ಬೆಂಗಳೂರಲ್ಲಿ ದುಡಿಯೋನು ಆ ಸಂಖ್ಯೆಯಲ್ಲಿ ಬರೀ ಒಂದು ತಲೆ.

2011ರಲ್ಲಿ ಗಣತಿದಾರರು ಬೇಸಾಯ, ಮನೆಕಸುಬು ಬಿಟ್ಟು ಬೇರೆ ಕೆಲಸ ಮಾಡೋರಿಗೆ ಇನ್ನೂ ಎರಡು ಪ್ರಶ್ನೆ ಕೇಳಿದ್ರು: ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗ್ತೀರಿ? ಉತ್ತರದ ಪಟ್ಟಿಯಲ್ಲಿ ರೈಲೂ ಇತ್ತು. ಮುಂದಿನ ಗಣತಿಯಲ್ಲಿ ಆ ಪ್ರಶ್ನೆ ಬಂದರೆ, ತೊಂಡೇಬಾವಿಯವರೇ, ಗಡಿಬಿಡಿಯಲ್ಲಿ ಏನೋ ಒಂದು ಹೇಳಿ ಕಳಿಸಬೇಡಿ. ರೈಲು ಅಂತ ಬರೆಸಿ, ಎಷ್ಟು ಕಿಲೋಮೀಟರ್ ಅಂತಲೂ ಬರೆಸಿ.