ಮಂಗಳೂರಿನ ದನಿಗೆ ಬ್ರಹ್ಮಾವರದ ಗೋಪುರ

ಕುಂದಾಪುರ: ಬೈಂದೂರಿನ ಮನೆಗಳಲ್ಲಿ ದಶಕಗಳ ಕಾಲ ಕೇಳಿಬಂದ ಮಂಗಳೂರು ಆಕಾಶವಾಣಿಯ ದನಿ ಮಂಗಳೂರಿನಿಂದ ನೇರವಾಗಿ ಬಂದದ್ದಲ್ಲ. 1976ರಲ್ಲಿ ಆರಂಭವಾದ ಈ ಕೇಂದ್ರದ ಸ್ಟುಡಿಯೋ ಇರುವುದು ಮಂಗಳೂರಿನ ಕದ್ರಿಯಲ್ಲಿ. ಆದರೆ 1089 ಕಿಲೋಹರ್ಟ್ಸ್ ಮೀಡಿಯಂ ವೇವ್ ಪ್ರಸಾರದ 20 ಕಿಲೋವಾಟ್ ಟ್ರಾನ್ಸ್‌ಮಿಟರ್ ಸ್ಥಾಪನೆಯಾದದ್ದು ಸುಮಾರು 70 ಕಿ.ಮೀ. ಉತ್ತರದ ಬ್ರಹ್ಮಾವರದಲ್ಲಿ.

ಇಂತಹ ಅಂತರಕ್ಕೆ ಕಾರಣವಿದೆ. ಕಲಾವಿದರು, ಉದ್ಘೋಷಕರು ಬಂದುಹೋಗಲು ಸ್ಟುಡಿಯೋ ನಗರದಲ್ಲಿರಬೇಕು. ಟ್ರಾನ್ಸ್‌ಮಿಟರ್‌ಗಾದರೋ ವಿಶಾಲವಾದ ಬಯಲು ಅಗತ್ಯ. 1089 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 275 ಮೀಟರ್. ಅದರ ಕಾಲುಭಾಗವೇ 69 ಮೀಟರ್ ಆಗುತ್ತದೆ. ಮೀಡಿಯಂ ವೇವ್‌ನಲ್ಲಿ ಉಕ್ಕಿನ ಗೋಪುರವೇ ಆಂಟೆನಾ. ಅದರ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳಲಾಗುತ್ತದೆ.

ಮೈಕ್ ಮುಂದೆ ಆಡಿದ ಮಾತು ಮೊದಲು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು ನಿಯಂತ್ರಣ ಕೊಠಡಿ ಸೇರುತ್ತದೆ. ಅಲ್ಲಿಂದ ಟ್ರಾನ್ಸ್‌ಮಿಟರ್‌ವರೆಗಿನ ಹಾದಿಯೇ 'ಲಿಂಕ್'. ಹಿಂದೆ ಆಕಾಶವಾಣಿ ಕೇಂದ್ರಗಳು ಇದಕ್ಕಾಗಿ ವಿಶೇಷ ದೂರವಾಣಿ ತಂತಿಗಳನ್ನು ಅವಲಂಬಿಸಿದ್ದವು. ಅನಂತರ ಮೈಕ್ರೋವೇವ್ ಸಂಪರ್ಕ, ಡಿಜಿಟಲ್ ಮಾರ್ಗಗಳು ಬಳಕೆಗೆ ಬಂದವು. ಮೈಕ್ರೋವೇವ್‌ಗೆ ಎರಡು ಡಿಶ್‌ಗಳ ನಡುವೆ ಅಡೆತಡೆ ಇರಬಾರದು. ಹೀಗಾಗಿ ದೂರ ಹೆಚ್ಚಿದಂತೆ ಎತ್ತರದ ಗೋಪುರ ಅಥವಾ ನಡುವೆ ಮರುಪ್ರಸಾರ ಘಟಕ ಬೇಕಾಗುತ್ತದೆ. ಟ್ರಾನ್ಸ್‌ಮಿಟರ್ ತಲುಪಿದ ಸಂಕೇತವನ್ನು ಪ್ರಬಲವಾದ ವಾಹಕ ತರಂಗದ ಮೇಲೆ ಏರಿಸಿ ಗೋಪುರಕ್ಕೆ ನೀಡಲಾಗುತ್ತದೆ.

ಲಿಂಕ್ ಕಡಿದರೆ ಎರಡೂ ತುದಿಯ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ರೇಡಿಯೋ ಮೂಕವಾಗುತ್ತದೆ. ಇದನ್ನು ಕೇಳುಗರೇ ಗುರುತಿಸಬಹುದು. ಬರೀ 'ಗೊರಗೊರ' ಸದ್ದಿದ್ದರೆ ಟ್ರಾನ್ಸ್‌ಮಿಟರ್ ನಿಂತಿದೆ ಎಂದರ್ಥ. ಗೊರಗೊರ ಅಡಗಿ ಮೌನವಷ್ಟೇ ಉಳಿದಿದ್ದರೆ ವಾಹಕ ತರಂಗ ಬರುತ್ತಿದೆ. ದೋಷವಿರುವುದು ಸ್ಟುಡಿಯೋ ಅಥವಾ ಲಿಂಕ್‌ನಲ್ಲಿ.

ಮೀಡಿಯಂ ವೇವ್ ತರಂಗ ನೆಲವನ್ನು ಅನುಸರಿಸಿ ಸಾಗುತ್ತದೆ, ಉಪ್ಪುನೀರಿನ ಮೇಲೆ ಇನ್ನಷ್ಟು ದೂರ ಹೋಗುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಆಳಸಮುದ್ರದ ದೋಣಿಗೆ ಬಿರುಗಾಳಿಯ ಮುನ್ಸೂಚನೆ ಮುಟ್ಟಿಸಬಲ್ಲ ಗುಣವಿದು. ಎಫ್‌ಎಂ ತರಂಗ ಹಾಗಲ್ಲ. ಅದು ಬಹುತೇಕ ನೇರ ರೇಖೆಯಲ್ಲಿ ಚಲಿಸುವುದರಿಂದ ಭೂಮಿಯ ಬಾಗು ಹಾಗೂ ಗುಡ್ಡಗಳು ಅದನ್ನು ತಡೆಯುತ್ತವೆ. ಮಂಗಳೂರಿನ ಎಫ್‌ಎಂ ಗೋಪುರದಿಂದ ಬೈಂದೂರು 100 ಕಿ.ಮೀ.ಗೂ ಆಚೆಗಿದೆ.

ದೇಶದಲ್ಲಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಕೈಬಿಟ್ಟು ಎಫ್‌ಎಂಗೆ ಒತ್ತು ನೀಡಲಾಗುತ್ತಿದೆ. ಆದ್ದರಿಂದ ಕುಂದಾಪುರ, ಬೈಂದೂರಿನ ಕೇಳುಗರ ಪಾಲಿಗೆ ಸ್ಟುಡಿಯೋ ಎಲ್ಲಿದೆ ಎಂಬುದಕ್ಕಿಂತ ಗೋಪುರ ಎಲ್ಲಿದೆ ಎಂಬುದೇ ಮುಖ್ಯ.