ಕಬ್ಬಿನ ಬಿಲ್ಲು ಮತ್ತು ವರ್ಷದ ಸಂಸಾರ: ಘಟಪ್ರಭಾ ಭಾಗದ ಕುಟುಂಬಗಳಿಗೆ ಉಳಿತಾಯ ಮಾಹಿತಿ

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ನಿರ್ಮಿಸಲಾಗಿರುವ ರಾಜಾ ಲಖಮಗೌಡ ಜಲಾಶಯದ ನೀರಾವರಿಯಿಂದಾಗಿ ಹುಕ್ಕೇರಿ, ಗೋಕಾಕ ಹಾಗೂ ಮೂಡಲಗಿ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ವಾಣಿಜ್ಯ ಬೆಳೆಯಾಗಿರುತ್ತದೆ. ನಾಟಿ ಕಬ್ಬು ಕಟಾವಿಗೆ ಬರಲು 12ರಿಂದ 18 ತಿಂಗಳು, ಕೂಳೆ ಬೆಳೆಗೆ ಸುಮಾರು ಒಂದು ವರ್ಷ ಬೇಕಾಗುತ್ತದೆ. ಹೀಗಾಗಿ ಬೆಳೆಗಾರರ ಕುಟುಂಬಕ್ಕೆ ವರಮಾನವು ಕಾರ್ಖಾನೆ ನುರಿಸುವ ಹಂಗಾಮಿನಲ್ಲಿ ದೊಡ್ಡ ಮೊತ್ತವಾಗಿ ಬರುತ್ತದೆ. ಕಿರಾಣಿ, ಔಷಧಿ, ವಿದ್ಯುತ್ ಬಿಲ್ಲು ಮತ್ತು ಶಾಲಾ ಶುಲ್ಕಗಳು ಮಾತ್ರ ಹಂಗಾಮನ್ನು ಕಾಯುವುದಿಲ್ಲ. ಈ ಅಂತರವನ್ನು ಕೈಗಡದಿಂದ ತುಂಬುತ್ತ ಹೋದಲ್ಲಿ ಮುಂದಿನ ಬಿಲ್ಲು ಕೈಸೇರುವ ಮೊದಲೇ ಅದರ ಬಹುಪಾಲು ಸಾಲಕ್ಕೆ ಸಂದಿರುತ್ತದೆ.

ಬಿಲ್ಲು ಪಾವತಿಯ ಅವಧಿ

ಕಬ್ಬು (ನಿಯಂತ್ರಣ) ಆದೇಶ, 1966ರ ಪ್ರಕಾರ ಕಾರ್ಖಾನೆಯು ಕಬ್ಬು ಪಡೆದ 14 ದಿನಗಳೊಳಗಾಗಿ ಹಣ ಪಾವತಿಸತಕ್ಕದ್ದು. ವಿಳಂಬವಾದಲ್ಲಿ ವಾರ್ಷಿಕ ಶೇ. 15ರಂತೆ ಬಡ್ಡಿ ನೀಡಬೇಕಾಗುತ್ತದೆ. 2025-26ನೇ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ ರೂ. 355ರ ನ್ಯಾಯಸಮ್ಮತ ದರ ನಿಗದಿಪಡಿಸಿತ್ತು. ಹೆಚ್ಚಿನ ದರಕ್ಕಾಗಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಬೆಳೆಗಾರರ ಹೋರಾಟವು ನಾಡಿನ ಗಮನ ಸೆಳೆದಿತ್ತು. ದರ ಎಷ್ಟೇ ನಿಗದಿಯಾಗಲಿ, ಕಟಾವು, ಸಾಗಾಣಿಕೆ ಮತ್ತು ಸಾಲ ವಸೂಲಿಯ ಕಡಿತಗಳ ನಂತರ ಖಾತೆಗೆ ಜಮೆಯಾದ ಮೊತ್ತದ ಮೇಲೆಯೇ ಕುಟುಂಬದ ಯೋಜನೆಯನ್ನು ರೂಪಿಸುವುದು ಸೂಕ್ತ. ತೂಕದ ಚೀಟಿ ಹಾಗೂ ಬಿಲ್ಲಿನ ಪ್ರತಿಗಳನ್ನು ಕಾಯ್ದಿರಿಸಿಕೊಂಡಲ್ಲಿ ಕಡಿತಗಳನ್ನು ತಾಳೆ ನೋಡಲು ಅನುಕೂಲವಾಗುತ್ತದೆ.

ಮೊತ್ತವನ್ನು ತಿಂಗಳುಗಳಿಗೆ ಹಂಚುವ ವಿಧಾನ

ಉದಾಹರಣೆಗಾಗಿ, ಒಂದು ಕುಟುಂಬಕ್ಕೆ ಎಲ್ಲ ಕಡಿತಗಳ ನಂತರ ರೂ. 2,40,000 ದೊರೆಯಿತೆಂದು ಭಾವಿಸಬಹುದು. ಅದರಲ್ಲಿ ಬೆಳೆ ಸಾಲದ ಮರುಪಾವತಿ ರೂ. 90,000 ಹಾಗೂ ಆಪತ್ತಿಗೆ ಮೀಸಲು ರೂ. 30,000 ತೆಗೆದಿರಿಸಿದಲ್ಲಿ ಉಳಿಯುವುದು ರೂ. 1,20,000. ಹನ್ನೆರಡು ತಿಂಗಳಿಗೆ ಭಾಗಿಸಿದಾಗ ತಿಂಗಳಿಗೆ ರೂ. 10,000 ಮಾತ್ರ. ಮುಂದಿನ ಬೆಳೆಯ ಬೀಜ, ಗೊಬ್ಬರದ ವೆಚ್ಚವನ್ನು ಹೊಸ ಬೆಳೆ ಸಾಲದಿಂದ ಭರಿಸಬಹುದಾದರೂ, ಸಂಸಾರದ ಖರ್ಚು ಈ ಹತ್ತು ಸಾವಿರದೊಳಗೇ ಸಾಗಬೇಕು. ಬಿಲ್ಲು ಬಂದ ವಾರದಲ್ಲೇ ಮೋಟಾರ್ ಸೈಕಲ್ ಅಥವಾ ಒಡವೆ ಖರೀದಿಸುವ ಮುನ್ನ ಈ ಭಾಗಾಕಾರವನ್ನು ಮಾಡುವುದು ಒಳಿತು.

ಈ ರೂ. 1,20,000ನ್ನು ಮನೆಯಲ್ಲಾಗಲಿ ಒಂದೇ ಖಾತೆಯಲ್ಲಾಗಲಿ ಇರಿಸಿದಲ್ಲಿ ಬೇಗ ಕರಗುವುದು ಸಹಜ. ರೂ. 30,000ನ್ನು ಉಳಿತಾಯ ಖಾತೆಯಲ್ಲಿ ಉಳಿಸಿಕೊಂಡು, ತಲಾ ರೂ. 30,000ದ ಮೂರು ಠೇವಣಿಗಳನ್ನು 3, 6 ಮತ್ತು 9 ತಿಂಗಳ ಅವಧಿಗೆ ಬ್ಯಾಂಕಿನಲ್ಲಿ ಇರಿಸಬಹುದು. ಪ್ರತಿ ತ್ರೈಮಾಸಿಕದ ಆರಂಭಕ್ಕೆ ಆ ತ್ರೈಮಾಸಿಕದ ಹಣ ತಾನಾಗಿಯೇ ಕೈಸೇರುತ್ತದೆ. ಮದುವೆ, ಗ್ರಾಮದೇವತೆಯ ಜಾತ್ರೆ ಮುಂತಾದವು ಮೊದಲೇ ತಿಳಿದಿರುವ ಖರ್ಚುಗಳಾದ್ದರಿಂದ ಅವುಗಳಿಗೆ ಪ್ರತ್ಯೇಕ ಆವರ್ತ ಠೇವಣಿ ತೆರೆಯುವುದು ಲೇಸು. ಅಂಚೆ ಕಚೇರಿಯಲ್ಲಿ ತಿಂಗಳಿಗೆ ಕನಿಷ್ಠ ರೂ. 100ರಂತೆ ಐದು ವರ್ಷಗಳ ಆವರ್ತ ಠೇವಣಿ ಲಭ್ಯವಿರುತ್ತದೆ.

ಆಪತ್ತಿನ ಮೀಸಲು

2019ರ ಆಗಸ್ಟ್‌ನಲ್ಲಿ ಹಾಗೂ ಪುನಃ 2024ರ ಜುಲೈನಲ್ಲಿ ಘಟಪ್ರಭಾ ನದಿಯ ಪ್ರವಾಹದಿಂದ ಗೋಕಾಕ ಸಮೀಪದ ಲೋಳಸೂರ ಸೇತುವೆ ಜಲಾವೃತವಾಗಿ, ನದಿತೀರದ ಮನೆಗಳಿಗೂ ಬೆಳೆಗಳಿಗೂ ಹಾನಿಯುಂಟಾಯಿತು. ಇಂತಹ ಸಂದರ್ಭದಲ್ಲಿ ಪರಿಹಾರದ ಹಣ ಬರುವವರೆಗೆ ಕುಟುಂಬವು ನಿಭಾಯಿಸಬೇಕಾದ ದಿನಗಳೇ ಕಠಿಣವಾದವು. ಆದ್ದರಿಂದ ಮೀಸಲು ಹಣವನ್ನು ಮನೆಯಲ್ಲಿರಿಸದೆ ಖಾತೆಯಲ್ಲಿಯೇ ಇರಿಸತಕ್ಕದ್ದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ವರ್ಷಕ್ಕೆ ರೂ. 20ರ ಕಂತಿಗೆ 18ರಿಂದ 70 ವರ್ಷದೊಳಗಿನವರಿಗೆ ಅಪಘಾತ ಮರಣಕ್ಕೆ ರೂ. 2 ಲಕ್ಷದ ವಿಮೆ ದೊರೆಯುತ್ತದೆ. ಕಂತು ಖಾತೆಯಿಂದ ಕಡಿತವಾಗುವ ಸಮಯದಲ್ಲಿ ಖಾತೆಯಲ್ಲಿ ಅಷ್ಟು ಹಣವಿರುವಂತೆ ನೋಡಿಕೊಳ್ಳಬೇಕು.

ಸಾಲ ಮತ್ತು ಠೇವಣಿ

ಸಹಕಾರ ಸಂಘಗಳ ಮೂಲಕ ರೂ. 5 ಲಕ್ಷದವರೆಗೆ ದೊರೆಯುವ ಶೂನ್ಯ ಬಡ್ಡಿಯ ಬೆಳೆ ಸಾಲದ ಪ್ರಯೋಜನವು ಗಡುವಿನೊಳಗೆ ಮರುಪಾವತಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ಕಿರು ಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತುಗಳು ಮಾಸಿಕ ವರಮಾನದ ಶೇ. 50ನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ರೂಪಿಸಿದೆ. ಆ ಮಿತಿಯ ಹತ್ತಿರಕ್ಕೆ ಹೋಗುವುದೂ ವಿವೇಕವೆನಿಸದು. ವಸೂಲಿಯ ಹೆಸರಿನಲ್ಲಿ ಕಿರುಕುಳ ನೀಡುವುದನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿದ್ದು, ನೊಂದವರು ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು.

ಠೇವಣಿ ಇರಿಸುವ ಮುನ್ನ ಬಡ್ಡಿ ದರಕ್ಕಿಂತ ಮೊದಲು ವಿಮಾ ರಕ್ಷಣೆಯನ್ನು ವಿಚಾರಿಸತಕ್ಕದ್ದು. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕಿನ ಠೇವಣಿಗಳಿಗೆ ಪ್ರತಿ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ ರೂ. 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಊರಿನ ಪರಿಚಿತರು ಆಡಳಿತ ಮಂಡಳಿಯಲ್ಲಿರುವುದು ವಿಮೆಗೆ ಪರ್ಯಾಯವಲ್ಲ.

ಮುಪ್ಪಿನ ಕಾಲಕ್ಕೆ

ಆದಾಯ ತೆರಿಗೆ ಪಾವತಿಸದ 18ರಿಂದ 40 ವರ್ಷದವರು ಅಟಲ್ ಪಿಂಚಣಿ ಯೋಜನೆಗೆ ಸೇರಿ, 60 ವರ್ಷದ ನಂತರ ತಿಂಗಳಿಗೆ ರೂ. 1,000ದಿಂದ ರೂ. 5,000ದವರೆಗೆ ಪಿಂಚಣಿ ಪಡೆಯಬಹುದು. ರೂ. 5,000 ಪಿಂಚಣಿಗಾಗಿ 18ನೇ ವಯಸ್ಸಿನಲ್ಲಿ ಸೇರಿದವರ ಮಾಸಿಕ ವಂತಿಗೆ ರೂ. 210 ಆಗಿದ್ದರೆ, 40ನೇ ವಯಸ್ಸಿನಲ್ಲಿ ಸೇರಿದವರದು ರೂ. 1,454. ವಂತಿಗೆಯನ್ನು ಅರ್ಧವಾರ್ಷಿಕವಾಗಿಯೂ ಕಟ್ಟಬಹುದಾಗಿದ್ದು, ಹಂಗಾಮಿನ ವರಮಾನವುಳ್ಳವರಿಗೆ ಇದು ಹೊಂದಿಕೆಯಾಗುತ್ತದೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ವರ್ಷಕ್ಕೆ ಕನಿಷ್ಠ ರೂ. 250 ಕಟ್ಟಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು ಅವಕಾಶವಿದೆ.

ಖಾತೆ ತೆರೆಯಲು ಆಧಾರ್, ಪ್ಯಾನ್ ಅಥವಾ ಅದಿಲ್ಲದವರಿಗೆ ನಿಗದಿಪಡಿಸಿದ ಘೋಷಣಾ ನಮೂನೆ ಹಾಗೂ ಭಾವಚಿತ್ರಗಳೊಂದಿಗೆ ಬ್ಯಾಂಕ್ ಶಾಖೆ ಅಥವಾ ಅಂಚೆ ಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಸುಕನ್ಯಾ ಖಾತೆಗೆ ಮಗುವಿನ ಜನನ ಪ್ರಮಾಣಪತ್ರ ಅವಶ್ಯ. ಅರ್ಜಿಯಲ್ಲಿ ನಾಮನಿರ್ದೇಶನದ ಕಾಲಂ ಖಾಲಿ ಬಿಡಬಾರದು. ಹಳೆಯ ಖಾತೆಗಳಲ್ಲಿ ಅದು ಖಾಲಿ ಇದ್ದಲ್ಲಿ ಈಗಲೂ ಭರ್ತಿ ಮಾಡಬಹುದು.