ಮೊದಲ ಕಾದಂಬರಿಯೂ ಮಾಯಕೊಂಡದ ಯುದ್ಧವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಥೆ ಬರೆಯಲು ಹೊರಡುವ ಹುಡುಗನಿಗೆ ವಸ್ತುವಿನ ಬರವಿಲ್ಲ. ಗುಡೇಕೋಟೆಯ ಬಂಡೆಗಳು, ಹರಪನಹಳ್ಳಿಯ ಪಾಳೆಯಗಾರರು, ಒನಕೆ ಓಬವ್ವ ಗುಡೇಕೋಟೆಯ ಮಗಳೆಂಬ ಜನರ ನಂಬಿಕೆ - ಇವನ್ನೆಲ್ಲ ಕೇಳುತ್ತಲೇ ಆತ ಬೆಳೆದಿರುತ್ತಾನೆ. ಅಂಥವನೊಬ್ಬ ತನ್ನ ಮೊದಲ ಸಾಹಸ ಕಾದಂಬರಿಯ ಹಸ್ತಪ್ರತಿ ತಂದು, "ಓದಿ ಹೇಳಿ ಸಾರ್" ಎಂದರೆ ಏನು ಹೇಳಬೇಕು? "ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭ. ತಪ್ಪುಗಳ ಪಟ್ಟಿ ಮಾಡಿ ಕೈಗಿಡುವುದೂ ಸುಲಭ. ಎರಡರಿಂದಲೂ ಆತ ಕಲಿಯುವುದು ಕಡಿಮೆ.

ಎಲ್ಲಿ ನಮ್ಮನ್ನು ಹಿಡಿದು ಕೂರಿಸಿದ, ಎಲ್ಲಿ ಕೈಬಿಟ್ಟ ಎಂಬುದನ್ನು ಮೊದಲು ಪುಟ ತೋರಿಸಿ ಹೇಳಬೇಕು. ಆಮೇಲೆ ಊರಿನ ಮಾತು. 18ನೇ ಶತಮಾನದ ನಾಯಕ ಹಡಗಲಿ ಕಡೆ ಹೋಗುವಾಗ ಸಮುದ್ರದಂಥ ಹಿನ್ನೀರು ಕಂಡರೆ, ತುಂಗಭದ್ರಾ ಅಣೆಕಟ್ಟು ಕಟ್ಟಿದ್ದು 20ನೇ ಶತಮಾನದ ನಡುವಿನಲ್ಲಿ ಎಂದು ನೆನಪಿಸಬೇಕು. ಹರಪನಹಳ್ಳಿಯ ಸುತ್ತ ಇಂದು ಕಾಣುವ ಮೆಕ್ಕೆಜೋಳದ ಹೊಲಗಳಲ್ಲಿ ಅಂದಿನ ಸೈನಿಕ ಅಡಗಿಕೊಂಡರೆ, ಆಗಿನ ಬೆಳೆ ಜೋಳ, ನವಣೆ, ಸಜ್ಜೆಯಲ್ಲವೇ ಎಂದು ಕೇಳಬೇಕು. ಗುಡೇಕೋಟೆಯ ಗುಡ್ಡಗಳಲ್ಲಿ ಇಂದಿಗೂ ಕರಡಿಗಳಿವೆ. ಅವನ್ನು ಬಿಟ್ಟು ಕಥೆಗೆ ಸಿಂಹವನ್ನು ಕರೆತರುವ ಅಗತ್ಯವಿಲ್ಲ.

ಇವು ತಿದ್ದಬಹುದಾದ ತಪ್ಪುಗಳು. ಆದರೆ ಇನ್ನೊಂದು ತಪ್ಪಿದೆ, ಅದನ್ನು ಹೇಳಲು ನಾವು ಹಿಂಜರಿಯುತ್ತೇವೆ. ಕಥೆಗೆ ಒಬ್ಬ ಖಳ ಬೇಕು. ಬರೆಯುವವನು ಯೋಚಿಸದೆ ಒಬ್ಬ ಮುಸ್ಲಿಂ ಸರದಾರನನ್ನು ಆ ಜಾಗಕ್ಕೆ ತರುತ್ತಾನೆ. ಅವನಿಗೆ ಮನೆಯಿಲ್ಲ, ಮಕ್ಕಳಿಲ್ಲ, ಭಯವಿಲ್ಲ. ಕ್ರೌರ್ಯ ಮಾತ್ರ ಇದೆ. ಇಂಥ ಕಡೆ ಹುಡುಗನನ್ನು ಗದರಿಸದೆ ಚರಿತ್ರೆಯ ಪುಟ ತೆರೆದು ತೋರಿಸುವುದು ಒಳ್ಳೆಯದು.

1748ರ ಸುಮಾರಿಗೆ ದಾವಣಗೆರೆ ಬಳಿಯ ಮಾಯಕೊಂಡದಲ್ಲಿ ಯುದ್ಧ ನಡೆಯಿತು. ಚಿತ್ರದುರ್ಗದ ಹಿರೇ ಮದಕರಿ ನಾಯಕನ ಎದುರು ಬಿದನೂರು, ಹರಪನಹಳ್ಳಿ ಮತ್ತು ಸವಣೂರಿನ ಪಡೆಗಳು ನಿಂತಿದ್ದವು. ಮದಕರಿ ಅಲ್ಲಿ ಮಡಿದ. ಕೊಂದವನು ಹರಪನಹಳ್ಳಿಯ ಸೋಮಶೇಖರ ನಾಯಕನೆಂದು ಹೇಳುತ್ತಾರೆ. ಹರಪನಹಳ್ಳಿಯ ಜೊತೆಗಿದ್ದ ಸವಣೂರಿನ ದೊರೆ ಪಠಾಣ ನವಾಬ. ದುರ್ಗದ ನೆರವಿಗೆ ಬಂದವನು ಚಂದಾ ಸಾಹೇಬ. ಎರಡೂ ಕಡೆ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಜಗಳ ನೆಲದ್ದು, ಕಪ್ಪಕಾಣಿಕೆಯದು, ಅಧಿಕಾರದ್ದು, ಧರ್ಮದ್ದಲ್ಲ. ಇದನ್ನು ಅರಿತು ಬರೆದರೆ ಕಾದಂಬರಿಯ ರೋಚಕತೆ ಕುಗ್ಗುವುದಿಲ್ಲ. ಯಾರು ಯಾರ ಕಡೆ ಸೇರುತ್ತಾರೋ ಎಂಬ ಕುತೂಹಲ ಇನ್ನೂ ಹೆಚ್ಚುತ್ತದೆ.

ಈ ನೆಲದಲ್ಲಿ ಮಾದರಿಗಳಿಗೂ ಕೊರತೆಯಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಅವರು ಕನ್ನಡವೆಂದರೆ ಮೂಗು ಮುರಿಯುತ್ತಿದ್ದವರು. ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡದ ಕಡೆ ತಿರುಗಿದರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಪಾಳೆಯಗಾರರನ್ನೂ ಮನ್ರೋನ ಕಾಲವನ್ನೂ ಕುರಿತು ಬರೆದ 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಡುಗನಿಗೆ ಇವನ್ನು ಓದಲು ಕೊಡೋಣ.

ಹಸ್ತಪ್ರತಿಯನ್ನು ಹಿಂದಿರುಗಿಸುವಾಗ ಒಂದು ಪ್ರಶ್ನೆಯನ್ನೂ ಕೇಳೋಣ: "ತಮ್ಮಾ, ನಿನ್ನ ಕಥೆಯ ಖಳನ ಹೆಸರಿನವನೇ ನಿನ್ನ ಪಕ್ಕದ ಮನೆಯಲ್ಲಿದ್ದಾನೆ. ನಾಳೆ ಅವನ ಮಗ ಈ ಪುಸ್ತಕ ಓದಿದರೆ ಅದರಲ್ಲಿ ತನ್ನನ್ನು ಎಲ್ಲಿ ಕಾಣುತ್ತಾನೆ?" ಉತ್ತರ ಅವನೇ ಹುಡುಕಲಿ. ಅದಕ್ಕಾಗಿ ಆತ ಮತ್ತೊಮ್ಮೆ ಬರೆಯಲು ಕುಳಿತರೆ, ನಾವು ಓದಿದ್ದಕ್ಕೆ ಅಷ್ಟು ಸಾಕು.